ಬಾನಿಯಿಂದ ಎತ್ತಿದ ಬಟ್ಟೆ

“ಸರ್, ಮೂರು ವರ್ಷ ಕಲಿತದ್ದನ್ನು ನಾನೀಗ ಎಲ್ಲಿ ಇಡಲಿ?”

ಕಸ್ತೂರಿ ಹೊಸಕೇರಿ ಹೀಗೆ ಕೇಳಿದಾಗ ಹಾದಿಮನಿ ಸರ್ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಿದ್ದರು. ಇತಿಹಾಸ ವಿಭಾಗದ ಎದುರಿಗೆ ಒಂದು ಹುಣಸೆಮರ, ಮರದ ಬುಡದಲ್ಲಿ ದಸ್ತಗೀರನ ಚಹಾದ ಗಾಡಿ, ಗಾಡಿಯ ಪಕ್ಕಕ್ಕೆ ಒಂದು ಕಲ್ಲುಬೆಂಚು. ಸರ್ ಪಾಠಕ್ಕೆ ತಡವಾಗಿ ಹೋದದ್ದುಂಟು, ಆ ಬೆಂಚಿಗೆ ತಡವಾಗಿ ಬಂದವರಲ್ಲ. ಐವತ್ತು ದಾಟಿದ ಮನುಷ್ಯ, ತಲೆ ಬಿಳಿ, ಮೀಸೆ ಕಪ್ಪು. ಅವರು ಹೇಳಿದ್ದರಲ್ಲಿ ಅರ್ಧ ನಂಬಬೇಕು, ಆದರೆ ಯಾವ ಅರ್ಧ ಎಂಬುದನ್ನು ಅವರು ಹೇಳುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಮೊದಲ ದಿನವೇ ಎಚ್ಚರಿಸಿದ್ದರು.

ಕಸ್ತೂರಿ ಬಿ.ಎಸ್ಸಿ. ಮುಗಿಸಿದವಳು, ರಸಾಯನಶಾಸ್ತ್ರ. ಅಲ್ಲಿಂದ ಎಂ.ಎ. ಇತಿಹಾಸಕ್ಕೆ ಹಾರಿದ್ದಳು. ಹಾರಿಸಿದ್ದು ಒಂದು ಕಲ್ಲು. ಕಾಲೇಜಿನ ಕೊನೆಯ ವರ್ಷದ ಶಿಬಿರದಲ್ಲಿ ಒಂದು ಹಳ್ಳಿಯ ಬಾವಿಕಟ್ಟೆ ತೊಳೆಯುತ್ತಿದ್ದಾಗ, ಹೆಂಗಸರು ಬಟ್ಟೆ ಒಗೆಯುವ ಚಪ್ಪಡಿಯನ್ನು ಇವಳೂ ಗೆಳತಿಯರೂ ಸೇರಿ ಮಗುಚಿ ಹಾಕಿದರು. ಅಡಿಯಲ್ಲಿ ಅಕ್ಷರಗಳಿದ್ದವು. ಬ್ರಶ್ಶಿನಿಂದ ಉಜ್ಜಿದಂತೆಲ್ಲ ಸಾಲಿನ ಮೇಲೆ ಸಾಲು ಎದ್ದು ಬಂತು. ಕನ್ನಡವೇ ಇರಬೇಕು, ಆದರೆ ಅವಳಿಗೆ ಒಂದಕ್ಷರ ಓದಲು ಬರಲಿಲ್ಲ. ಊರಿನ ಯಾರಿಗೂ ಬರಲಿಲ್ಲ. ಎಷ್ಟೋ ತಲೆಮಾರು ಒಗೆದ ಬಟ್ಟೆಯ ಕೆಳಗೆ ಯಾರೋ ಒಬ್ಬರು ಮಾತಾಡುತ್ತಲೇ ಇದ್ದಾರೆ, ಕೇಳಿಸಿಕೊಳ್ಳುವವರಿಲ್ಲ ಅನ್ನಿಸಿತು. ಆ ಕಲ್ಲು ಅವಳ ತಲೆಯಿಂದ ಇಳಿಯಲಿಲ್ಲ. ಪ್ರವೇಶ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು, ಬಂದಳು.

ಬಂದಮೇಲೆ ಗೊತ್ತಾಯಿತು, ಇಲ್ಲಿ ಎಲ್ಲರೂ ರಾಜರ ಹೆಸರನ್ನು ನೆಂಟರ ಹೆಸರಿನಂತೆ ಕರೆಯುತ್ತಾರೆ. ಬಿ.ಎ.ಯಲ್ಲೇ ಇತಿಹಾಸ ಓದಿದವರು. ಗಂಗರು, ಕದಂಬರು, ಸೇವುಣರು ಎಂದರೆ ಅವರಿಗೆ ಪಕ್ಕದ ಓಣಿಯವರು. ಕಸ್ತೂರಿಗೆ ಯಾರು ಮೊದಲು, ಯಾರು ಆಮೇಲೆ ಎಂಬುದೇ ಗೋಜಲು. ಹೋದ ವಾರ ಅವಳ ಸೆಮಿನಾರು ಇತ್ತು. ಕಂಚಿಯನ್ನು ಗೆದ್ದು ಬಂದ ಬಾದಾಮಿಯ ವಿಕ್ರಮಾದಿತ್ಯನನ್ನು ಅವಳು ಎತ್ತಿ ಕಲ್ಯಾಣದ ಗದ್ದುಗೆಯ ಮೇಲೆ ಕೂಡಿಸಿದಳು. ಇಬ್ಬರು ವಿಕ್ರಮಾದಿತ್ಯರ ನಡುವೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಅಂತರ. ಅವಳು ಅದನ್ನು ಒಂದೇ ಉಸಿರಿನಲ್ಲಿ ದಾಟಿದ್ದಳು. ಕೋಣೆಯೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ಶಿವಯೋಗಿ ಎಂಬ ಹುಡುಗ, “ಲಿಟ್ಮಸ್, ಎರಡು ವಿಕ್ರಮಾದಿತ್ಯರನ್ನು ಒಂದೇ ಬೀಕರಿನಲ್ಲಿ ಕಲಸಬ್ಯಾಡವಾ” ಅಂದ. ಲಿಟ್ಮಸ್ ಎಂಬ ಹೆಸರು ಅಂದಿನಿಂದ ಅವಳಿಗೆ ಅಂಟಿತು. ಆಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಇಂದು ಮಧ್ಯಾಹ್ನ ಅವಳ ಹಳೆಯ ಕಾಲೇಜಿನ ಇಂದುಮತಿ ಮೇಡಂ ಫೋನ್ ಮಾಡಿದ್ದರು. ಕೆಮಿಸ್ಟ್ರಿಯ ಮೇಡಂ. ಕಸ್ತೂರಿ ಇತಿಹಾಸಕ್ಕೆ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಲು ನಾಚಿಕೆಯಾಗಿ ಅವಳು ಹೇಳಿರಲೇ ಇಲ್ಲ. ಹುಡುಗಿ ಮನೆಯಲ್ಲಿ ಖಾಲಿ ಕುಳಿತಿದ್ದಾಳೆ ಅಂದುಕೊಂಡು ಆ ತಾಯಿ ತಾವಾಗಿಯೇ ಒಂದು ಸಕ್ಕರೆ ಕಾರ್ಖಾನೆಯವರನ್ನು ಕೇಳಿದ್ದರು. ಪ್ರಯೋಗಾಲಯದಲ್ಲಿ ಕೂತು ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸ. ಕಬ್ಬು ಅರೆಯುವ ಹಂಗಾಮು ಶುರುವಾಗಲಿದೆ, ಹೂಂ ಅಥವಾ ಊಹೂಂ ಇವತ್ತು ಸಂಜೆಯೊಳಗೆ ಹೇಳಬೇಕು. ಕಸ್ತೂರಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂಜೆ ಫೋನ್ ಮಾಡುತ್ತೇನೆ ಮೇಡಂ ಎಂದು ಇಟ್ಟಳು. ಹಾಸ್ಟೆಲಿಗೆ ಹೋಗಿ ಅರ್ಧ ಚೀಲ ಕಟ್ಟಿದಳು. ಉಳಿದರ್ಧ ಕಟ್ಟುವ ಮುಂಚೆ ಹುಣಸೆಮರಕ್ಕೆ ಬಂದಳು.

ಇದಿಷ್ಟನ್ನೂ ಅವಳು ಸರ್ ಮುಂದೆ ಹೇಳಿದಳು. ಹೊಸದು ಹತ್ತುತ್ತಿಲ್ಲ, ಹಳೆಯದು ಇಲ್ಲಿ ಬೇಕಿಲ್ಲ, ಎರಡಕ್ಕೂ ಎರವಾದೆ ಎಂದಳು. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು. ಮೂರು ವರ್ಷ ಎಲ್ಲಿ ಇಡಲಿ?

ಹಾದಿಮನಿ ಸರ್ ಒಂದು ಗುಟುಕು ಕುಡಿದರು. ಯಾವ ಪ್ರಶ್ನೆಗೂ ಅವರು ಉತ್ತರ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕತೆ ಕೊಡುತ್ತಿದ್ದರು.

“ನೋಡು ತಂಗಿ, ವಿಜಯನಗರದ ಅರಮನೆಯ ನೀಲಿ ರೇಷ್ಮೆ ಏನಿತ್ತು, ಅಷ್ಟೂ ಅದ್ದಿದ್ದು ನಮ್ಮ ಮನೆತನದ ಬಾನಿಯೊಳಗೆ. ಆ ಬಣ್ಣ ನೋಡಿ ಪೋರ್ಚುಗೀಸರು, ಸಮುದ್ರ ಇಲ್ಲೇ ಐತಿ ಅಂತ ತಿಳಿದು ಹಡಗು ತಿರುಗಿಸಿದರು.”

ಕಸ್ತೂರಿ ಹುಬ್ಬೇರಿಸಿದಳು.

“ಸುಳ್ಳು,” ಅಂದರು ಸರ್. “ನಮ್ಮ ಮನೆತನದಾಗ ಬಣ್ಣ ಹಚ್ಚುವ ಕೆಲಸ ಆಗಿದ್ದು ಒಂದೇ, ಈ ಮೀಸೀದು. ಆದರೆ ಈಗ ಹೇಳೋ ಕತೆ ಮಾತ್ರ ಖರೆ. ನಮ್ಮ ಅಜ್ಜಿ ಹೇಳಿದ್ದು.”

ಮತ್ತು ಕತೆ ಹಿಡಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬಟ್ಟೆಗೆ ನೀಲಿ ಅದ್ದುವುದು ಅವನ ಕಸುಬು. ಒಬ್ಬ ಮುದುಕಿಯ ಕೈಕೆಳಗೆ ಕಲಿತಿದ್ದ. ನೆಲದಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಮಣ್ಣಿನ ಬಾನಿ. ಅದರಲ್ಲಿ ಸುಣ್ಣದ ತಿಳಿ, ತಗಚೆ ಬೀಜದ ಗಂಜಿ, ನೀಲಿಯ ಹೆಂಟೆ. ಅದು ಹುಳಿತು ನಾರಬೇಕು. ನಾರದ ಬಾನಿ ಬಣ್ಣ ಕೊಡುವುದಿಲ್ಲ. ಬಣ್ಣಗಾರನ ಕೈ ಮೊಣಕೈವರೆಗೆ ನೀಲಿಯಾಗಿತ್ತು. ಅವನು ಬರುವ ಮುಂಚೆ ಅವನ ವಾಸನೆ ಬರುತ್ತಿತ್ತು. ಕಸುಬಿನಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ.

ವರ್ಷಕ್ಕೊಮ್ಮೆ ಆ ಊರಿಗೆ ವಂಶಾವಳಿ ಹೇಳುವ ಮುದುಕನೊಬ್ಬ ಎತ್ತಿನ ಮೇಲೆ ಕುಳಿತು ಬರುತ್ತಿದ್ದ. ಯಾವ ಮನೆಯ ಮುಂದೆ ನಿಂತರೂ ಮೊದಲು ಆ ಮನೆಯ ನೀರು ಕೇಳಿ ಕುಡಿಯುವನು. ಆಮೇಲೆ ತೊಟ್ಟಿಲಿನ ಕೂಸಿನ ಹೆಸರು ಕೇಳುವನು. ಅಲ್ಲಿಂದ ಮೇಲಕ್ಕೆ ಏರುವನು. ಕೂಸಿನ ಅಪ್ಪ, ಅಪ್ಪನ ಅಪ್ಪ, ಅವನಪ್ಪ. ಯಾರು ಎಲ್ಲಿಂದ ಹೆಣ್ಣು ತಂದರು, ಯಾರು ಬಾವಿ ತೋಡಿಸಿದರು, ಯಾರು ಬರಗಾಲದಲ್ಲಿ ಬೀಜದ ಜೋಳವನ್ನೇ ಊರಿಗೆ ಹಂಚಿದರು. ಆ ನೆಲಕ್ಕೆ ಮೊದಲು ಕಾಲಿಟ್ಟವನ ಹೆಸರು ಹೇಳಿ ನಿಲ್ಲಿಸುವನು. ಮನೆಯವರು ಮೊರದ ತುಂಬ ಕಾಳು ಕೊಡುವರು.

ಒಂದು ವರ್ಷ ಬಣ್ಣಗಾರ ನಿಂತು ಇದನ್ನು ಕೇಳಿದ. ಇವರೆಲ್ಲರ ಬಟ್ಟೆ ನಾನು ಅದ್ದಿದ್ದೇನೆ, ಇವರು ಯಾರೆಂಬುದು ನನಗೆ ಗೊತ್ತಿಲ್ಲ ಎಂದುಕೊಂಡ. ಆ ಮಾತು ಅವನನ್ನು ಬಿಡಲಿಲ್ಲ. ಬಾನಿಗೆ ಮುಚ್ಚಳ ಹಾಕಿ ಮುದುಕಿಯ ಮುಂದೆ ಹೋಗಿ ನಿಂತ.

ಮುದುಕಿ ಬೈಯಲಿಲ್ಲ. “ಬಾನಿ ಇಲ್ಲೇ ಇರುತ್ತದೆ, ಕೈ ನಿನ್ನ ಜೊತೆ ಬರುತ್ತದೆ. ಹೋಗಿ ಬಾ,” ಅಂದಳು.

ಇಲ್ಲಿ ಕಸ್ತೂರಿ ಕೈಯಲ್ಲಿದ್ದ ಫೋನನ್ನು ಮಗುಚಿ ಇಟ್ಟುಕೊಂಡಳು. ಬಣ್ಣಗಾರನಾದರೂ ಹೋಗಿ ಹೇಳಿದ. ತಾನು ಹೇಳದೆ ಬಂದವಳು. ಸರ್ ಅದನ್ನು ನೋಡಿದರೋ ಇಲ್ಲವೋ, ಕತೆ ನಿಲ್ಲಿಸಲಿಲ್ಲ.

ಬಣ್ಣಗಾರ ಎತ್ತಿನ ಹಿಂದೆ ನಡೆದ. ಮುದುಕನಿಗೆ ಬೇರೆ ಶಿಷ್ಯರಿದ್ದರು. ಅವರು ಆ ಕಸುಬಿನಲ್ಲೇ ಹುಟ್ಟಿದವರು. ಊರಿನ ಊರೇ ಅವರ ನಾಲಗೆಯ ಮೇಲಿತ್ತು. ನೀಲಿ ಕೈಯವನೇ, ಮೊದಲು ನಿನ್ನ ಮುತ್ತಜ್ಜನ ಹೆಸರು ಹೇಳು ನೋಡೋಣ ಎಂದು ಅವರು ಕೆಣಕುತ್ತಿದ್ದರು. ಬಣ್ಣಗಾರ ನಗುತ್ತಿದ್ದ. ರಾತ್ರಿ ಹೆಸರುಗಳನ್ನು ಗೊಣಗುತ್ತಾ ಮಲಗುತ್ತಿದ್ದ.

ಒಂದು ಮನೆಯ ಮುಂದೆ ಮುದುಕ ಅವನಿಗೆ, ಈ ಮನೆಯದು ನೀನು ಹೇಳು ಅಂದ. ಬಣ್ಣಗಾರ ನೀರು ಕುಡಿದ. ಕೂಸಿನ ಹೆಸರು ಕೇಳಿದ. ಏರಲು ಶುರು ಮಾಡಿದ. ಆ ಮನೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಕೂಸು ಭರಮ, ಅವನಪ್ಪ ಮಾರುತಿ, ಅವನಪ್ಪ ಭರಮ, ಅವನಪ್ಪ ಮತ್ತೆ ಮಾರುತಿ. ಬಣ್ಣಗಾರ ಆ ಎರಡು ಹೆಸರಿನ ನಡುವೆ ಗಾಣದ ಎತ್ತಿನಂತೆ ಸುತ್ತಿದ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕೊನೆಗೆ ತೊಟ್ಟಿಲಿನ ಕೂಸನ್ನೇ ಮನೆಯ ಮೂಲಪುರುಷನನ್ನಾಗಿ ಮಾಡಿದ. ಈ ಕೂಸೇ ಬಂದು ಕಾಡು ಕಡಿದು ಹೊಲ ಮಾಡಿದ ಎಂದ. ಮನೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಯಜಮಾನ ಎದ್ದು ಹೋಗಿ ತೊಟ್ಟಿಲಿಗೆ ಅಡ್ಡಬಿದ್ದ. ಆ ದಿನ ಕಾಳೇನೋ ಕೊಟ್ಟರು, ಕನಿಕರಕ್ಕೆ ಕೊಟ್ಟರು.

ಕಸ್ತೂರಿಗೆ ಕಿವಿ ಬಿಸಿಯಾಯಿತು. ಅದು ತನ್ನ ವಿಕ್ರಮಾದಿತ್ಯ ಎಂದು ಅವಳಿಗೆ ತಿಳಿಯಿತು. ದಸ್ತಗೀರ ಹಾಲು ಕದಡುವುದನ್ನು ಬಿಟ್ಟು ನಗುತ್ತಿದ್ದ.

ಬಣ್ಣಗಾರ ಹೊಳೆಗೆ ಹೋದ. ಮರಳು ತೆಗೆದುಕೊಂಡು ಕೈ ಉಜ್ಜಿದ. ಅಂಟುವಾಳ ಹಚ್ಚಿ ಉಜ್ಜಿದ. ಇಟ್ಟಿಗೆಯ ಚೂರು ಹಿಡಿದು ಉಜ್ಜಿದ. ರಕ್ತ ಬಂತು, ನೀಲಿ ಹೋಗಲಿಲ್ಲ. ಈ ಕೈ ಇರುವವರೆಗೆ ಆ ಹೆಸರುಗಳು ನನಗೆ ಹತ್ತುವುದಿಲ್ಲ ಎಂದು ನಿಶ್ಚಯಿಸಿಕೊಂಡ. ಮುದುಕನಲ್ಲಿಗೆ ಬಂದು, ನಾನು ಬಾನಿಗೆ ಹಿಂದಿರುಗುತ್ತೇನೆ, ಅಪ್ಪಣೆ ಕೊಡಿ ಅಂದ.

ಮುದುಕ ಬೇಡ ಅನ್ನಲಿಲ್ಲ. “ಹೋಗುವ ಮುಂಚೆ ನನ್ನದೊಂದು ರುಮಾಲು ಅದ್ದಿಕೊಟ್ಟು ಹೋಗು,” ಅಂದ.

ಆ ಊರಿನ ಬಣ್ಣಗಾರರ ಬಾನಿಯನ್ನು ಕೇಳಿ ಪಡೆದರು. ಶಿಷ್ಯರೆಲ್ಲ ಮೂಗು ಮುಚ್ಚಿಕೊಂಡು ಸುತ್ತ ನಿಂತರು. ಬಣ್ಣಗಾರ ಮುಚ್ಚಳ ತೆಗೆದ. ಮೇಲಿನ ನೊರೆ ಸರಿಸಿದ. ಬಿಳಿಯ ರುಮಾಲನ್ನು ನೀರಿನಲ್ಲಿ ನೆನೆಸಿ ಹಿಂಡಿ ನಿಧಾನವಾಗಿ ಬಾನಿಗೆ ಇಳಿಸಿದ. ತಕ್ಕಷ್ಟು ಹೊತ್ತು ಒಳಗೇ ಆಡಿಸಿದ. ಆಮೇಲೆ ಎತ್ತಿದ. ರುಮಾಲು ಮಳೆಗಾಲದ ಮುಗಿಲಿನ ಹಾಗೆ ಕಡುನೀಲಿಯಾಗಿ ಮೇಲೆ ಬಂತು.

“ಬರೋದಿಲ್ರಿ,” ಅಂದಳು ಕಸ್ತೂರಿ.

ಹಾದಿಮನಿ ಸರ್ ಕೇಳಿಸದವರಂತೆ ಮುಂದುವರಿದರು. ಮುದುಕ ಆ ನೀಲಿ ರುಮಾಲನ್ನು ತಲೆಗೆ ಸುತ್ತಿಕೊಂಡ, ಭೇಷ್ ಎಂದ, ನಿನ್ನ ಜಾಗ ಬಾನಿಯ ಹತ್ತಿರವೇ, ಹೋಗು ಮಗನೆ ಎಂದ. ಬಣ್ಣಗಾರ ಹೋದ. ಕತೆ ಮುಗಿಯಿತು. ಹೀಗೆ ಹೇಳಿ ಸರ್ ಗ್ಲಾಸಿನ ತಳಕ್ಕೆ ಕಣ್ಣು ಹಾಕಿದರು.

“ಬರೋದಿಲ್ರಿ ಸರ್, ನೀಲಿಯಾಗಿ ಬರೋದಿಲ್ಲ,” ಅಂದಳು ಕಸ್ತೂರಿ ಮತ್ತೆ. ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಾಗಲಿಲ್ಲ. ವಾರದಿಂದ ಕಟ್ಟಿಟ್ಟ ಬಾಯಿ ಬಿಚ್ಚಿಕೊಂಡಿತು. ನೀಲಿ ನೀರಿನಲ್ಲಿ ಕರಗುವ ಪದಾರ್ಥವೇ ಅಲ್ಲ ಎಂದಳು. ಅದನ್ನು ಕರಗಿಸಬೇಕಾದರೆ ಮೊದಲು ಅದರ ಬಣ್ಣ ಕಳೆಯಬೇಕು, ಬಾನಿ ಹುಳಿಯುವುದು ಅದಕ್ಕೇ. ಬಾನಿಯ ಒಳಗೆ ನೀಲಿಯೇ ಇರುವುದಿಲ್ಲ. ಬಟ್ಟೆ ಮೇಲೆ ಬಂದಾಗ ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ರೋಗಿಷ್ಠ ಬಣ್ಣದಲ್ಲಿರುತ್ತದೆ. ಆಮೇಲೆ ಗಾಳಿ ಸೋಕಬೇಕು. ಗಾಳಿಯಲ್ಲಿರುವ ಆಮ್ಲಜನಕ ಕೂಡಿದಾಗ ಎಲ್ಲರ ಕಣ್ಣೆದುರೇ ಅದು ನೀಲಿಗೆ ತಿರುಗುತ್ತದೆ. ಆಗ ಆ ನೀಲಿ ನೂಲಿನ ಒಳಗೇ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ.

“ಪುಸ್ತಕದಾಗ ಓದಿದ್ದೇನು?” ಎಂದರು ಸರ್.

ಇಲ್ಲ, ನೋಡಿದ್ದು ಎಂದಳು. ಇಂದುಮತಿ ಮೇಡಂ ಮಾಡಿ ತೋರಿಸಿದ್ದು. ಪುಸ್ತಕ ಮುಚ್ಚಿಸಿ, ತಮ್ಮದೇ ಬಿಳಿ ಕರವಸ್ತ್ರವನ್ನು ದ್ರಾವಣಕ್ಕೆ ಇಳಿಸಿದ್ದರು. ಎತ್ತಿದಾಗ ಹಸಿರು. ಪ್ರಯೋಗ ಕೆಟ್ಟಿತು ಎಂದು ಎಲ್ಲರೂ ತಿಳಿದರು. ಕೆಟ್ಟಿತು ಎಂದು ಮೊದಲು ಕೂಗಿದವಳು ಕಸ್ತೂರಿಯೇ. ಕರವಸ್ತ್ರವನ್ನು ಕಸಿದು ಮತ್ತೆ ಮುಳುಗಿಸಲು ಹೋದಳು. ಮೇಡಂ ಅವಳ ಮಣಿಕಟ್ಟು ಹಿಡಿದರು, ಹಿಡಿದುಕೊಂಡೇ ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ಹುಡುಗಿಯರೆಲ್ಲ ಹಿಂದೆ ಹೋದರು. ಅಂಚಿನಿಂದ ಶುರುವಾಗಿ, ಮಡಿಕೆ ಮಡಿಕೆಯಾಗಿ, ಇಡೀ ಕರವಸ್ತ್ರ ನೀಲಿಯಾಯಿತು. ಕಣ್ಣು ಕಂಡದ್ದನ್ನು ಬರೆಯಿರಿ, ಆದರೆ ಕಣ್ಣಿಗೆ ಸಾಕಷ್ಟು ಹೊತ್ತು ಕೊಟ್ಟು ಬರೆಯಿರಿ ಎಂದು ಮೇಡಂ ಹೇಳಿದ್ದರು.

ಇದನ್ನು ಹೇಳುವಾಗ ಕಸ್ತೂರಿಗೆ ತನ್ನ ಮಣಿಕಟ್ಟಿನ ಮೇಲೆ ಆ ಹಿಡಿತ ಇನ್ನೂ ಇದ್ದಂತೆ ಅನ್ನಿಸಿತು. ಮೂರು ವರ್ಷ ಅವಳು ಆ ಹಿಡಿತವನ್ನು ಪಾಠದ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಾದಿಮನಿ ಸರ್ ಮೀಸೆ ತುರಿಸಿಕೊಂಡರು. ಹಾಗಾದರೆ ತಮ್ಮ ಕತೆ ಕೆಟ್ಟಿತಲ್ಲ ಎಂದು ಪೇಚಾಡಿದರು. ನೀಲಿಯಾಗಿ ಬಂತು ಎಂದೇ ಅಜ್ಜಿ ಹೇಳಿದ್ದು ಎಂದರು.

“ಅಜ್ಜಿ ಬಾನಿ ನೋಡಿದ್ದರೇನ್ರಿ? ಇಲ್ಲಾಂದ್ರ ಅವರಿಗೆ ಯಾರು ಹೇಳಿದ್ದು?”

ಸರ್ ಕೈಯಲ್ಲಿನ ಗ್ಲಾಸು ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅದು ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ಆಮೇಲೆ ಬಹಳ ಬಡವನ ದನಿಯಲ್ಲಿ, ಅಜ್ಜಿ ತೀರಿಹೋಗಿದ್ದಾಳೆ, ಕೇಳಲು ಆಗುವುದಿಲ್ಲ, ಕತೆ ಮಾತ್ರ ಉಳಿದಿದೆ, ಅದೂ ಈಗ ನಡುವೆ ಮುರಿದಿದೆ ಎಂದರು. ರುಮಾಲು ಹಸಿರಾಗಿಯೇ ಬಂದಿದ್ದರೆ ಮುಂದೆ ಏನಾಗಿರಬೇಕು, ಮುರಿದವಳು ನೀನು, ಜೋಡಿಸುವವಳೂ ನೀನೇ ಎಂದರು.

ಕಸ್ತೂರಿ ಕುಳಿತಳು. ಆಮೇಲೆ ಸರ್ ಹೇಳುತ್ತಿದ್ದ ಧಾಟಿಯಲ್ಲೇ, ಹೆಚ್ಚು ಕಡಿಮೆ ಮಾಡದೆ, ಕತೆ ಎತ್ತಿಕೊಂಡಳು.

ರುಮಾಲು ಹಸಿರಾಗಿ ಮೇಲೆ ಬಂತು. ಶಿಷ್ಯರು ಕೈ ತಟ್ಟಿ ನಕ್ಕರು. ಹೆಸರು ಮರೆತ ಹಾಗೆ ಇವನು ಕಸುಬನ್ನೂ ಮರೆತಿದ್ದಾನೆ ಎಂದರು. ಮುದುಕನೂ ಮುಖ ಸಣ್ಣ ಮಾಡಿದ. “ಹತ್ತಲಿಲ್ಲವಲ್ಲೊ, ಬಿಸಾಕು ಅತ್ತ,” ಅಂದ. ಬಣ್ಣಗಾರ ಬಿಸಾಕಲಿಲ್ಲ. ಮತ್ತೆ ಬಾನಿಗೆ ಮುಳುಗಿಸಲೂ ಇಲ್ಲ. ನಕ್ಕವರ ಕಡೆ ನೋಡಲೂ ಇಲ್ಲ. ರುಮಾಲಿನ ಎರಡು ತುದಿ ಹಿಡಿದು ಗಾಳಿಗೆ ಒಡ್ಡಿದ. “ಹತ್ತಿದೆ. ಸ್ವಲ್ಪ ಗಾಳಿ...”

ಕಸ್ತೂರಿಯ ಮಾತು ಅಲ್ಲಿಗೆ ನಿಂತಿತು.

ಹುಣಸೆಯ ಎಲೆ ಒಂದೆರಡು ಬೆಂಚಿನ ಮೇಲೆ ಉದುರಿದವು. ಸರ್ ಅವನ್ನು ಒಂದೊಂದಾಗಿ ಹೆಕ್ಕಿ ಬದಿಗಿಟ್ಟರು, ಅದಕ್ಕಿಂತ ದೊಡ್ಡ ಕೆಲಸ ಲೋಕದಲ್ಲಿಲ್ಲ ಎಂಬಂತೆ. ಅವಳ ಬಾಯಲ್ಲಿ ನಿಂತ ಮಾತನ್ನು ಅವರು ಕೈಹಾಕಿ ಎಳೆಯಲಿಲ್ಲ.

ಅವಳಿಗೆ ಸೆಮಿನಾರು ನೆನಪಾಯಿತು. ಕೋಣೆಯೆಲ್ಲ ನಕ್ಕಿತೆಂದು ತಾನೇ ತನ್ನನ್ನು ಕಸಿದು ಮತ್ತೆ ಹಳೆಯ ಬಾನಿಗೆ ಮುಳುಗಿಸಲು ಅರ್ಧ ಚೀಲ ಕಟ್ಟಿದ್ದು ನೆನಪಾಯಿತು. ಬಾವಿಕಟ್ಟೆಯ ಕಲ್ಲು ನೆನಪಾಯಿತು. ಅದರ ಮಣ್ಣನ್ನು ಅವಳು ಕಬ್ಬಿಣದ ಬ್ರಶ್ಶಿನಿಂದ ಉಜ್ಜಿರಲಿಲ್ಲ, ಆ್ಯಸಿಡ್ ಸುರಿಯೋಣ ಎಂದ ಗೆಳತಿಯನ್ನು ತಡೆದಿದ್ದಳು. ಆ ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಅಕ್ಷರವೇ ನೊರೆಯಾಗಿ ಹೋದೀತು ಎಂದು ಅವಳಿಗೆ ಗೊತ್ತಿತ್ತು. ಅಂದರೆ ಇತಿಹಾಸಕ್ಕೆ ಕಾಲಿಡುವ ಮುಂಚೆಯೇ ಇಂದುಮತಿ ಮೇಡಂ ಅಲ್ಲಿ ಅವಳ ಮಣಿಕಟ್ಟು ಹಿಡಿದಿದ್ದರು. ಇಷ್ಟು ದಿನ ಅವಳಿಗೆ ಅದು ಹೊಳೆದಿರಲಿಲ್ಲ.

ದಸ್ತಗೀರ ಇಷ್ಟು ಹೊತ್ತು ಚಹಾ ಸೋಸುವುದನ್ನೂ ಮರೆತು ನಿಂತಿದ್ದ. ಅವನಿಗೆ ಒಂದು ಸಂಶಯ ಬಹಳ ಹೊತ್ತಿನಿಂದ ಕೊರೆಯುತ್ತಿತ್ತು.

“ಹಾದಿಮನಿ ಸಾಹೇಬ್ರ, ಹೋದ ವರ್ಷ ಈ ಕತಿಯೊಳಗ ಬಣ್ಣಗಾರ ಇರಲಿಲ್ಲಲ್ರಿ? ಗೌಂಡಿ ಇದ್ದ. ಕಮಾನು ಕಟ್ಟಿದ್ದ. ಆ ಸಿವಿಲ್ ಇಂಜಿನಿಯರ್ ಹುಡುಗ ಬಂದಿದ್ನಲ್ಲ, ಅವಗ ಹೇಳಿದ್ರಿ. ನೆತ್ತಿಯ ನಡುಗಲ್ಲು ಕೂಡಿಸೂದಕ್ಕಿಂತ ಮೊದಲ ಕೆಳಗಿನ ಆಧಾರದ ಕಟ್ಟಿಗಿ ತಗಿಸಿದ್ರಿ. ಆ ಹುಡುಗ, ಕಮಾನು ಬೀಳ್ತೈತ್ರಿ ಸರ್ ಅಂತ ಇಲ್ಲೇ ಎದ್ದು ಕುಣಿದಾಡಿದ್ದ.”

ಕಸ್ತೂರಿ ಸರ್ ಕಡೆ ತಿರುಗಿದಳು. ಸರ್ ಹುಣಸೆಮರದ ತುದಿಯಲ್ಲಿ ಏನೋ ಹಕ್ಕಿ ಹುಡುಕುತ್ತಿದ್ದರು. ಅಲ್ಲಿ ಹಕ್ಕಿ ಇರಲಿಲ್ಲ.

“ಅಜ್ಜಿಗೆ ಕತೆ ಬಹಳ ಬರ್ತಿದ್ದವು,” ಎಂದರು, ಮೇಲೆ ನೋಡುತ್ತಲೇ.

ಕಸ್ತೂರಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಕಣ್ಣು ಒರೆಸಿಕೊಳ್ಳುವಷ್ಟು. ಸೆಮಿನಾರಿನ ನಂತರ ಅದು ಅವಳ ಮೊದಲ ನಗು. ಆ ಸಿವಿಲ್ ಹುಡುಗ ಈಗೆಲ್ಲಿ ಎಂದು ಕೇಳಿದಳು. ಹಳೆಯ ಕೆರೆಗಳ ಏರಿ ಹೇಗೆ ನಿಂತವು ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ, ಊರೂರು ಸುತ್ತಿ ಕರ್ರಗಾಗಿದ್ದಾನೆ ಎಂದು ದಸ್ತಗೀರನೇ ಹೇಳಿದ.

ಅವಳು ಮಗುಚಿಟ್ಟ ಫೋನನ್ನು ತಿರುಗಿಸಿದಳು. ಕಾರ್ಖಾನೆಗೆ ಬರುವುದಿಲ್ಲ ಎಂದು ಹೇಳುತ್ತೇನೆ ಎಂದಳು. ಅದಕ್ಕೂ ಮುಂಚೆ ಕರವಸ್ತ್ರದ ವಿಷಯ ಹೇಳುತ್ತೇನೆ, ಎಲ್ಲಿದ್ದೇನೆ ಎಂಬುದನ್ನೂ ಹೇಳುತ್ತೇನೆ. ಮೇಡಂ ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಅವರು ನನಗೆ ಕೊಟ್ಟದ್ದು ಹಾಳಾಗಲಿಲ್ಲ, ಅದರಿಂದಲೇ ಇವತ್ತು ಉಳಿದೆ ಎಂದು ಕೈಮುಗಿದು ಹೇಳುತ್ತೇನೆ. ಹಾಗೆಂದು ನಂಬರು ಒತ್ತಿ ಕಿವಿಗಿಟ್ಟುಕೊಂಡಳು. ಆ ಕಡೆ ಗಂಟೆ ಬಾರಿಸತೊಡಗಿತು.

ಹಾದಿಮನಿ ಸರ್ ಎದ್ದರು. ಪಂಚೆಯ ಧೂಳು ಕೊಡವಿಕೊಂಡರು. ಖಾಲಿ ಗ್ಲಾಸನ್ನು ಅವಳ ಪಕ್ಕದಲ್ಲಿ, ಬೆಂಚಿನ ಮೇಲೆ, ಮೆಲ್ಲಗೆ ಇಟ್ಟರು.

“ಮೂರು ವರ್ಷ ಎಲ್ಲಿ ಇಡಲಿ ಅಂದೆಯಲ್ಲ ತಂಗಿ, ಈಗ ನನ್ನ ಸುಳ್ಳಿಗೆ ಅಡ್ಡ ಇಟ್ಟೆ ನೋಡು, ಅಲ್ಲೇ ಇಡು, ಚಹಾದ ದುಡ್ಡು ಮಾತ್ರ ದಸ್ತಗೀರನ ಕೈಯಲ್ಲಿ ಇಡು.”